ಭೂಮಂಡಲದ ಜನಸಂಖ್ಯೆ: ಒಟ್ಟು ಎಷ್ಟು, ಯಾರು ಎಲ್ಲಿ?

ಜನಸಂಖ್ಯೆಯ ಮಾತು ಬಂದೊಡನೆ ಮುಂಬಯಿವಾಸಿಯ ಕಣ್ಣಮುಂದೆ ಮೊದಲು ನಿಲ್ಲುವುದು ಬೆಳಗಿನ ಒಂಬತ್ತು ಗಂಟೆಯ ದಾದರ್ ನಿಲ್ದಾಣ. ಅಲ್ಲಿನ ಸೇತುವೆಯ ಮೇಲೆ ಜನಪ್ರವಾಹದ ನಡುವೆ ಸಿಕ್ಕಿಕೊಂಡವನಿಗೆ, ಈ ಭೂಮಿಯ ಮೇಲೆ ಇನ್ನು ಕಾಲೂರಲೂ ಸ್ಥಳವಿಲ್ಲವೆಂದು ತೋರಿದರೆ ಆಶ್ಚರ್ಯಪಡಬೇಕಾದುದಿಲ್ಲ. ಆದರೆ ಕಣ್ಣಿಗೆ ತೋರಿದ್ದನ್ನು ಲೆಕ್ಕಕ್ಕೆ ಇಳಿಸಿ ನೋಡುವುದು ಬ್ಯಾಂಕಿನವರ ಚಾಳಿ. ದಟ್ಟಣೆಯ ವೇಳೆಯಲ್ಲಿ ನಮ್ಮ ಲೋಕಲ್ ಗಾಡಿಗಳಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಲ್ಲುತ್ತಾರೆಂಬುದು ರೈಲ್ವೆಯವರೇ ಒಪ್ಪಿಕೊಂಡಿರುವ ಅಂಕಿ. 14 ಎಂದೇ ಹಿಡಿಯೋಣ. ಆ ಪ್ರಮಾಣದಲ್ಲಿ ಜಗತ್ತಿನ ಸುಮಾರು 820 ಕೋಟಿ ಜನರನ್ನೂ ಒತ್ತೊತ್ತಾಗಿ ನಿಲ್ಲಿಸಿದರೆ ಬೇಕಾಗುವ ನೆಲ 586 ಚದರ ಕಿಲೋಮೀಟರು. ಮುಂಬಯಿ ನಗರ ಮತ್ತು ಉಪನಗರ ಜಿಲ್ಲೆಗಳೆರಡರ ವಿಸ್ತೀರ್ಣ ಕೂಡಿ 603 ಚದರ ಕಿಲೋಮೀಟರು! ಅಂದರೆ ಕೊಲಾಬಾದಿಂದ ದಹಿಸರ್, ಮುಲುಂಡ್‌ವರೆಗಿನ ನೆಲದಲ್ಲಿ ಮನುಕುಲವೆಲ್ಲ ಅಡಗಿ, ಇನ್ನೂ ಒಂದಿಷ್ಟು ಜಾಗ ಉಳಿದೀತು.

ಆದ್ದರಿಂದ ನಿಲ್ಲಲು ನೆಲವಿದೆಯೇ ಎಂಬುದು ಪ್ರಶ್ನೆಯಲ್ಲ. ಮನುಷ್ಯನು ಉಣ್ಣಬೇಕು, ಕುಡಿಯಬೇಕು, ದುಡಿಯಬೇಕು, ಕೊನೆಗೆ ಮುಪ್ಪಿನಲ್ಲಿ ಯಾರದಾದರೂ ಆಸರೆ ಪಡೆಯಬೇಕು. ಅವನು ಎಲ್ಲಿ ಇದ್ದಾನೆ, ಯಾವ ವಯಸ್ಸಿನವನಾಗಿದ್ದಾನೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಒಟ್ಟು ಸಂಖ್ಯೆಯೊಂದನ್ನೇ ತಿಳಿದರೆ ಪ್ರಯೋಜನ ಅಲ್ಪ. ಊರು ಬಿಟ್ಟು ಬಂದು ಮಹಾನಗರಗಳಲ್ಲಿ ನೆಲೆಸಿರುವ ನಮ್ಮಂಥವರಿಗಂತೂ ಈ ಎರಡು ಪ್ರಶ್ನೆಗಳು ಮನೆಯ ಪ್ರಶ್ನೆಗಳೇ ಆಗಿವೆ.

ಜಮಾ-ಖರ್ಚಿನ ಲೆಕ್ಕ

2022ರ ನವೆಂಬರ್ 15ರಂದು ಜಗತ್ತಿನ ಜನಸಂಖ್ಯೆ 800 ಕೋಟಿಯನ್ನು ಮುಟ್ಟಿತೆಂದು ವಿಶ್ವಸಂಸ್ಥೆ ಸಾರಿತು. ಆ ದಿನ ಯಾರೂ ತಲೆಗಳನ್ನು ಎಣಿಸಲಿಲ್ಲವೆಂದು ಹೇಳಬೇಕಾಗಿಲ್ಲ. ಆಯಾ ದೇಶಗಳ ಜನಗಣತಿಯನ್ನು ಆರಂಭದ ಶಿಲ್ಕು ಎಂದು ಹಿಡಿದು, ಜನನಗಳನ್ನು ಜಮೆಗೂ ಮರಣಗಳನ್ನು ಖರ್ಚಿಗೂ ಬರೆದು ತೆಗೆದ ಅಖೈರು ಶಿಲ್ಕು ಅದು. ಇಡೀ ಪ್ರಪಂಚದ ಖಾತೆಗೆ ಈ ಎರಡೇ ಬಾಬುಗಳು. ಹೊರಗಿನಿಂದ ಬರುವವರೂ ಇಲ್ಲ, ಹೊರಗೆ ಹೋಗುವವರೂ ಇಲ್ಲ. ಒಂದು ದೇಶದ ಅಥವಾ ಒಂದು ಜಿಲ್ಲೆಯ ಖಾತೆಗೆ ಮಾತ್ರ ವಲಸೆ ಬಂದವರು, ವಲಸೆ ಹೋದವರು ಎಂಬ ಇನ್ನೆರಡು ಬಾಬುಗಳು ಸೇರುತ್ತವೆ. ಈ ಭೇದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಈಗ ವರ್ಷಕ್ಕೆ ಸುಮಾರು 13 ಕೋಟಿ ಶಿಶುಗಳು ಹುಟ್ಟುತ್ತವೆ. ಸುಮಾರು 6 ಕೋಟಿ ಜನ ಮರಣಹೊಂದುತ್ತಾರೆ. ಉಳಿಕೆ ಸುಮಾರು 7 ಕೋಟಿ. ಕರ್ನಾಟಕದ ಇಡೀ ಜನಸಂಖ್ಯೆ 2011ರ ಜನಗಣತಿಯಲ್ಲಿ 6.11 ಕೋಟಿ ಇತ್ತು. ವರ್ಷಕ್ಕೊಂದು ಕರ್ನಾಟಕವನ್ನೇ ಭೂಮಿ ಹೊಸದಾಗಿ ಹೊರುತ್ತಿದೆ ಎಂದರೆ ತಪ್ಪಾಗದು.

ಮನುಕುಲ ತನ್ನ ಮೊದಲ 100 ಕೋಟಿಯನ್ನು ಮುಟ್ಟಿದ್ದು ಕ್ರಿ.ಶ. 1804ರ ಸುಮಾರಿಗೆ. ಅದು ಇನ್ನೂರು ಕೋಟಿಯಾಗಲು 1927ರವರೆಗೆ ಕಾಯಬೇಕಾಯಿತು. ಅಲ್ಲಿಂದ ಮುಂದಕ್ಕೆ ಓಟವೇ ಓಟ: 1960ರಲ್ಲಿ 300 ಕೋಟಿ, 1974ರಲ್ಲಿ 400 ಕೋಟಿ, 1987ರಲ್ಲಿ 500 ಕೋಟಿ, 1999ರಲ್ಲಿ 600 ಕೋಟಿ, 2011ರಲ್ಲಿ 700 ಕೋಟಿ. ಆದರೆ ಈ ಪಟ್ಟಿಯನ್ನಷ್ಟೇ ನೋಡಿದವರಿಗೆ ಒಂದು ಸಂಗತಿ ಕಾಣದೆ ಹೋಗುತ್ತದೆ. ಬೆಳವಣಿಗೆಯ ದರ 1960ರ ದಶಕದಲ್ಲಿ ವರ್ಷಕ್ಕೆ ಶೇಕಡಾ 2ನ್ನು ಮೀರಿ ಶಿಖರ ಮುಟ್ಟಿ, ಆಮೇಲೆ ಇಳಿಯುತ್ತ ಬಂದು, ಈಗ ಶೇಕಡಾ 1ಕ್ಕಿಂತ ಕೆಳಗಿದೆ. ಅಸಲು ದೊಡ್ಡದಾಗಿರುವುದರಿಂದ ಬಡ್ಡಿಯ ದರ ಇಳಿದರೂ ಬಡ್ಡಿಯ ಮೊತ್ತ ದೊಡ್ಡದಾಗಿಯೇ ಕಾಣುತ್ತಿದೆ, ಅಷ್ಟೆ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ 2080ರ ದಶಕದ ಮಧ್ಯಭಾಗದಲ್ಲಿ ಸುಮಾರು 1,030 ಕೋಟಿಗೆ ಏರಿ, ಅಲ್ಲಿಂದ ಜನಸಂಖ್ಯೆ ಇಳಿಮುಖವಾಗಲಿದೆ. ನಾವು ಇಂದು ಎತ್ತಿ ಆಡಿಸುತ್ತಿರುವ ಮೊಮ್ಮಕ್ಕಳು ಆ ಇಳಿತವನ್ನು ಕಣ್ಣಾರೆ ಕಾಣುವ ಸಂಭವವಿದೆ.

ಖರ್ಚು ಕಡಿಮೆಯಾದ ಕಥೆ

ಜನ ಹೆಚ್ಚಾದದ್ದು ಹೆರಿಗೆ ಹೆಚ್ಚಾದದ್ದರಿಂದ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ನಮ್ಮ ಮುತ್ತಜ್ಜಿಯರು ನಮ್ಮ ಅಜ್ಜಿಯರಿಗಿಂತ ಕಡಿಮೆಯೇನೂ ಹೆರಲಿಲ್ಲ. ಹೆತ್ತದ್ದು ಉಳಿಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಜಮೆ ಹೆಚ್ಚಾಗಿ ಶಿಲ್ಕು ಬೆಳೆದದ್ದಲ್ಲ. ಖರ್ಚು ತಗ್ಗಿ ಬೆಳೆದದ್ದು.

ಖರ್ಚಿನ ಬಾಬು ಒಂದು ಕಾಲದಲ್ಲಿ ಹೇಗಿತ್ತೆಂಬುದಕ್ಕೆ ನಮ್ಮ ನಾಡಿನ ದಾಖಲೆಯೇ ಸಾಕ್ಷಿ. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ದಾಟಿತ್ತು. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876-78ರಲ್ಲಿ, ಬಂದ ಭೀಕರ ಬರ ಮುಗಿದ ಮೇಲೆ 1881ರಲ್ಲಿ ಎಣಿಸಿದಾಗ ಉಳಿದದ್ದು ಸುಮಾರು 42 ಲಕ್ಷ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಆರರಲ್ಲೊಂದು ಪಾಲಿನಷ್ಟು ಕರಗಿತ್ತು. ಇಡೀ ಭಾರತದ ಜನಸಂಖ್ಯೆಯೂ ಒಂದು ದಶಕದಲ್ಲಿ ಕುಗ್ಗಿದ್ದುಂಟು: 1911ರಿಂದ 1921ರ ಅವಧಿಯಲ್ಲಿ. 1918ರಲ್ಲಿ ಮುಂಬಯಿ ಬಂದರಿನ ಮೂಲಕ ಒಳಹೊಕ್ಕ ಇನ್‌ಫ್ಲುಯೆಂಜಾ ಜ್ವರ ದೇಶದಲ್ಲಿ ಒಂದು ಕೋಟಿಗೂ ಮಿಗಿಲಾದ ಜನರನ್ನು ಬಲಿ ತೆಗೆದುಕೊಂಡಿತು. ಜನಸಂಖ್ಯಾಶಾಸ್ತ್ರಜ್ಞರು 1921ನ್ನು ಮಹಾವಿಭಜನೆಯ ವರ್ಷವೆಂದು ಕರೆಯುವುದು ಇದೇ ಕಾರಣಕ್ಕೆ; ಅಲ್ಲಿಂದೀಚೆಗೆ ಯಾವ ಜನಗಣತಿಯಲ್ಲೂ ಭಾರತದ ಸಂಖ್ಯೆ ಹಿಂದಕ್ಕೆ ಹೋದದ್ದಿಲ್ಲ.

ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯನ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಈ ಅಂಕಿಯನ್ನು ಕೇಳಿದವರು ಆಗಿನವರೆಲ್ಲ ಮೂವತ್ತೆರಡಕ್ಕೇ ಸಾಯುತ್ತಿದ್ದರೆಂದು ಭಾವಿಸುವುದುಂಟು. ಹಾಗಲ್ಲ. ಬಾಲ್ಯದ ಕಂಟಕಗಳನ್ನು ದಾಟಿದವರು ಅರವತ್ತು, ಎಪ್ಪತ್ತನ್ನೂ ಕಾಣುತ್ತಿದ್ದರು. ತೊಟ್ಟಿಲಲ್ಲೇ ತೀರಿಕೊಂಡ ಮಕ್ಕಳ ಸೊನ್ನೆ, ಒಂದು, ಎರಡು ವರ್ಷಗಳೂ ಸರಾಸರಿಯಲ್ಲಿ ಸೇರಿ ಅದನ್ನು ಕೆಳಕ್ಕೆ ಎಳೆದಿದ್ದವು. 1971ರಲ್ಲಿ ಸಹ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಮೊದಲ ಹುಟ್ಟುಹಬ್ಬವನ್ನು ಕಾಣುತ್ತಿರಲಿಲ್ಲ. 2023ರಲ್ಲಿ ಆ ಸಂಖ್ಯೆ 25ಕ್ಕೆ ಇಳಿದಿದೆ. ಸರಾಸರಿ ಆಯುಷ್ಯ 70ನ್ನು ದಾಟಿದೆ.

ಈ ಬದಲಾವಣೆ ದೊಡ್ಡ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಗಳಿಂದ ಬಂದದ್ದಕ್ಕಿಂತ ಅಗ್ಗದ, ಸರಳ ಉಪಾಯಗಳಿಂದ ಬಂದದ್ದೇ ಹೆಚ್ಚು. ಸಿಂಹಳದಲ್ಲಿ 1946ರಲ್ಲಿ ಸೊಳ್ಳೆಗಳ ಮೇಲೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ವ್ಯಾಪಕವಾಗಿ ನಡೆದು, ಆರೋಗ್ಯ ಕೇಂದ್ರಗಳೂ ವಿಸ್ತಾರಗೊಂಡಾಗ, ಸಾವಿರಕ್ಕೆ 20 ಇದ್ದ ಮರಣ ಪ್ರಮಾಣ ಮರುವರ್ಷವೇ 14ಕ್ಕೆ ಇಳಿಯಿತು. ಯೂರೋಪಿಗೆ ಇಂಥ ಇಳಿತ ಸಾಧಿಸಲು ತಲೆಮಾರುಗಳೇ ಬೇಕಾಗಿದ್ದವು. ಸಿಡುಬಿನ ಕೊನೆಯ ಸ್ವಾಭಾವಿಕ ಪ್ರಕರಣ 1977ರಲ್ಲಿ ಸೋಮಾಲಿಯಾದಲ್ಲಿ ಕಂಡಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ರೋಗ ನಿರ್ಮೂಲವಾಯಿತೆಂದು ಘೋಷಿಸಿತು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಸೋಜಿಗವೆನಿಸುವುದು ಉಪ್ಪು-ಸಕ್ಕರೆ ನೀರಿನ ಕಥೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಲವಣಜಲ ಮುಗಿದುಹೋಗುತ್ತಿತ್ತು. ವೈದ್ಯ ದಿಲೀಪ್ ಮಹಲನಬೀಸ್ ಅವರು ಗ್ಲೂಕೋಸು, ಉಪ್ಪು, ಅಡಿಗೆ ಸೋಡಗಳನ್ನು ನೀರಿನಲ್ಲಿ ಕದಡಿ, ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳಿಗೆ ಅವರ ಬಂಧುಗಳ ಕೈಯಿಂದಲೇ ಕುಡಿಸತೊಡಗಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಅಂದಿನಿಂದ ಈ ದ್ರಾವಣ ಉಳಿಸಿರುವ ಮಕ್ಕಳ ಸಂಖ್ಯೆ ಕೋಟಿಗಳಲ್ಲಿದೆ. ಮನೆಯಲ್ಲಿ ಔಷಧದ ಪೊಟ್ಟಣವಿಲ್ಲದಾಗ ಕಾಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದರೆ ತಾತ್ಕಾಲಿಕವಾಗಿ ಸಾಕಾಗುತ್ತದೆ. ಉಪ್ಪು ಹೆಚ್ಚಾಗದಂತೆ ಎಚ್ಚರ ಬೇಕು.

1968ರಲ್ಲಿ ಅಮೆರಿಕದ ಪಾಲ್ ಎರ್ಲಿಕ್ ಎಂಬ ವಿದ್ವಾಂಸರು ಜನಸಂಖ್ಯೆಯನ್ನು ಬಾಂಬಿಗೆ ಹೋಲಿಸಿ ಒಂದು ಗ್ರಂಥ ಬರೆದು, 1970ರ ದಶಕದಲ್ಲಿ ಕೋಟ್ಯಂತರ ಜನ ಹಸಿವಿನಿಂದ ಸಾಯುವರೆಂದು ಭವಿಷ್ಯ ನುಡಿದರು. ಆ ಪ್ರಮಾಣದ ಕ್ಷಾಮ ಬರಲಿಲ್ಲ. ಗೋದಿ, ಭತ್ತಗಳ ಹೊಸ ತಳಿಗಳು ಬಂದವು. ಹೆರಿಗೆಗಳೂ ತಾವಾಗಿ ಕಡಿಮೆಯಾಗತೊಡಗಿದವು. ಹುಟ್ಟಿದ ಮಗು ಬದುಕುತ್ತದೆಂಬ ನಂಬಿಕೆ ಬಂದಾಗ, ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದಾಗ, ಮನೆಗಳು ಚಿಕ್ಕದಾಗುತ್ತವೆ. ಬಲಾತ್ಕಾರದಿಂದ ಸಾಧಿಸಲು ಹೊರಟವರು ಕೆಡುಕನ್ನೇ ಮಾಡಿದರೆಂದು ನನ್ನ ಅಭಿಪ್ರಾಯ. 1976-77ರಲ್ಲಿ ನಮ್ಮ ದೇಶದಲ್ಲಿ 80 ಲಕ್ಷಕ್ಕೂ ಮಿಗಿಲಾದ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಎಷ್ಟೋ ಒತ್ತಾಯದವು. ಅದರ ಫಲವಾಗಿ ಕುಟುಂಬ ಯೋಜನೆ ಎಂಬ ಒಳ್ಳೆಯ ಮಾತೇ ಬಹುಕಾಲ ಭಯದ ಮಾತಾಗಿ ಉಳಿಯಿತು. ಇದಕ್ಕೂ ಬಹಳ ಹಿಂದೆ, 1921ರಲ್ಲಿಯೇ, ಇದೇ ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು ಜನರ ನಿಂದೆಯನ್ನು ಲೆಕ್ಕಿಸದೆ ಸಂತತಿ ನಿಯಂತ್ರಣದ ಚಿಕಿತ್ಸಾಲಯ ತೆರೆದಿದ್ದರು. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರದ ವತಿಯಿಂದಲೇ ಅಂಥ ಚಿಕಿತ್ಸಾಲಯಗಳನ್ನು ಆರಂಭಿಸಿತು. ಎರಡರಲ್ಲಿಯೂ ಬಂದವರು ತಾವಾಗಿ ಬಂದವರು.

ನೆಲದ ಮೇಲಿನ ಹಂಚಿಕೆ

ಇನ್ನು ಜನ ಎಲ್ಲಿದ್ದಾರೆಂಬ ಪ್ರಶ್ನೆ. ಅಂಟಾರ್ಕ್ಟಿಕ ಹಿಮಖಂಡವನ್ನು ಬಿಟ್ಟು ಉಳಿದ ನೆಲಕ್ಕೆ ಜನರನ್ನು ಸಮನಾಗಿ ಹಂಚಿದರೆ ಚದರ ಕಿಲೋಮೀಟರಿಗೆ ಸುಮಾರು 60 ಜನ ಬರುತ್ತಾರೆ. ಈ ಅರವತ್ತರ ಸರಾಸರಿಯನ್ನು ಎಲ್ಲಿಯೂ ಹುಡುಕಿ ಪ್ರಯೋಜನವಿಲ್ಲ. ಮಂಗೋಲಿಯದಲ್ಲಿ ಚದರ ಕಿಲೋಮೀಟರಿಗೆ ಇಬ್ಬರು, ಆಸ್ಟ್ರೇಲಿಯದಲ್ಲಿ ಮೂರು-ನಾಲ್ಕು ಜನ, ಬಾಂಗ್ಲಾದೇಶದಲ್ಲಿ ಸಾವಿರಕ್ಕೂ ಮಿಗಿಲು. ಇಪ್ಪತ್ತೊಂದು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ವಿಶಾಲವಾದ ಗ್ರೀನ್‌ಲೆಂಡಿನ ಜನರನ್ನೆಲ್ಲ ನಮ್ಮ ಒಂದು ದೊಡ್ಡ ಕ್ರಿಕೆಟ್ ಮೈದಾನದಲ್ಲಿ ಕೂರಿಸಬಹುದು. ಅವರ ಸಂಖ್ಯೆ 57 ಸಾವಿರದ ಆಸುಪಾಸು.

ಮನುಕುಲದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಭೂಮಧ್ಯರೇಖೆಯ ಉತ್ತರಕ್ಕಿದೆ. ಖಂಡಗಳ ಪ್ರಕಾರ ನೋಡಿದರೆ ಏಷ್ಯದಲ್ಲಿ ಸುಮಾರು 480 ಕೋಟಿ, ಆಫ್ರಿಕದಲ್ಲಿ 150 ಕೋಟಿ, ಯೂರೋಪಿನಲ್ಲಿ 74 ಕೋಟಿ, ಲ್ಯಾಟಿನ್ ಅಮೆರಿಕದಲ್ಲಿ 66 ಕೋಟಿ, ಉತ್ತರ ಅಮೆರಿಕದಲ್ಲಿ 38 ಕೋಟಿ. ಆಸ್ಟ್ರೇಲಿಯ ಮತ್ತು ಶಾಂತಸಾಗರದ ದ್ವೀಪಗಳೆಲ್ಲ ಸೇರಿ ಐದು ಕೋಟಿಗೂ ಕಡಿಮೆ. 2023ರಲ್ಲಿ ಭಾರತ ಚೀನಾವನ್ನು ದಾಟಿ ಮೊದಲ ಸ್ಥಾನಕ್ಕೆ ಬಂತು. 2024ರ ಅಂದಾಜಿನಲ್ಲಿ ನಮ್ಮದು 145 ಕೋಟಿ, ಅವರದು ಸುಮಾರು 142 ಕೋಟಿ. ಜಗತ್ತಿನ ಪ್ರತಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಈ ಎರಡೇ ದೇಶಗಳವರು.

ದೇಶವೊಂದರ ಒಳಗೂ ಇದೇ ವೈಷಮ್ಯ. ಈಜಿಪ್ಟಿನ ಹತ್ತು ಕೋಟಿಗೂ ಮಿಗಿಲಾದ ಜನರಲ್ಲಿ ನೂರಕ್ಕೆ ಸುಮಾರು 95 ಮಂದಿ ನೈಲ್ ನದಿಯ ಕಣಿವೆ ಮತ್ತು ಮುಖಜಭೂಮಿಯಲ್ಲಿ, ದೇಶದ ಇಪ್ಪತ್ತರಲ್ಲೊಂದು ಪಾಲು ನೆಲದಲ್ಲಿ, ಬದುಕುತ್ತಾರೆ. ಉಳಿದದ್ದು ಮರಳು. ಚೀನಾದ ಉದಾಹರಣೆ ಇನ್ನೂ ಸ್ವಾರಸ್ಯಕರ. 1935ರಲ್ಲಿ ಹೂ ಹುವಾನ್‌ಯೋಂಗ್ ಎಂಬ ಭೂಗೋಳಶಾಸ್ತ್ರಜ್ಞರು ಚೀನಾದ ಭೂಪಟದ ಮೇಲೆ ಈಶಾನ್ಯದ ಐಹುಯಿಯಿಂದ ನೈಋತ್ಯದ ತೆಂಗ್‌ಚೋಂಗ್‌ವರೆಗೆ ಒಂದು ಓರೆಗೆರೆ ಎಳೆದರು. ಅಂದಿನ ಲೆಕ್ಕದಲ್ಲಿ ಗೆರೆಯ ಆಗ್ನೇಯಕ್ಕಿದ್ದ ಶೇಕಡಾ 36 ನೆಲದಲ್ಲಿ ಶೇಕಡಾ 96 ಜನರಿದ್ದರು. ಆಮೇಲೆ ಆ ದೇಶ ಕಂಡದ್ದೇನು ಕಡಿಮೆಯೇ? ಯುದ್ಧ, ಕ್ರಾಂತಿ, ಕ್ಷಾಮ, ಒಂದೇ ಮಗುವಿನ ಕಾನೂನು, ಕಾರ್ಖಾನೆಗಳು, ಟಿಬೆಟ್ಟಿನವರೆಗೂ ಹೋದ ರೈಲುಮಾರ್ಗ. ಆದರೂ ಈಚಿನ ಗಣತಿಗಳಲ್ಲಿ ಗೆರೆಯ ಆಗ್ನೇಯಕ್ಕೆ ಇರುವವರು ಶೇಕಡಾ 94ರ ಸುಮಾರು. ಈ ಗೆರೆ ವರ್ಷಕ್ಕೆ 400 ಮಿಲಿಮೀಟರ್ ಮಳೆಯಾಗುವ ಸೀಮೆಯ ಗೆರೆಗೆ ಬಹುಮಟ್ಟಿಗೆ ಹೊಂದಿಕೊಂಡಿದೆಯೆಂಬುದೇ ಇದರ ಗುಟ್ಟು. ಅದಕ್ಕಿಂತ ಕಡಿಮೆ ಮಳೆಯ ನೆಲದಲ್ಲಿ ಕುರಿ ಕಾಯಬಹುದು, ಬತ್ತ ಬೆಳೆಯಲಾಗದು.

ಸರ್ಕಾರಗಳು ಈ ಹಂಚಿಕೆಯನ್ನು ತಿದ್ದಹೊರಟದ್ದೂ ಉಂಟು. ಇಂಡೊನೇಶಿಯದ ಜಾವಾ ದ್ವೀಪ ಕರ್ನಾಟಕದ ಮೂರರಲ್ಲಿ ಎರಡು ಪಾಲಿನಷ್ಟು ವಿಸ್ತಾರದ್ದು. ಅಗ್ನಿಪರ್ವತಗಳ ಬೂದಿಯಿಂದ ಫಲವತ್ತಾದ ಮಣ್ಣು, ತಪ್ಪದ ಮಳೆ, ಮೆಟ್ಟಿಲು ಮೆಟ್ಟಿಲಾದ ಗದ್ದೆಗಳು. 2020ರ ಗಣತಿಯಂತೆ ಅಲ್ಲಿ 15 ಕೋಟಿಗೂ ಹೆಚ್ಚು ಜನ. ದೇಶದ ಅರ್ಧಕ್ಕಿಂತ ಹೆಚ್ಚಿನವರು ಅದರ ಶೇಕಡಾ 7 ನೆಲದಲ್ಲಿ. ನೆರೆಯ ಕಾಲಿಮಂಟಾನ್ ಜಾವಾದ ನಾಲ್ಕು ಪಟ್ಟು ದೊಡ್ಡದಾದರೂ ಅಲ್ಲಿರುವವರು ಒಂದೂ ಮುಕ್ಕಾಲು ಕೋಟಿಗಿಂತ ಕಡಿಮೆ. ಇದನ್ನು ಕಂಡು ಡಚ್ಚರು 1905ರಿಂದಲೇ ಜಾವಾದ ರೈತರನ್ನು ಸುಮಾತ್ರಕ್ಕೆ ಸಾಗಿಸತೊಡಗಿದರು. ಸ್ವತಂತ್ರ ಇಂಡೊನೇಶಿಯವೂ ಆ ಯೋಜನೆಯನ್ನು ಮುಂದುವರಿಸಿ, 1980ರ ದಶಕದಲ್ಲಂತೂ ಲಕ್ಷಾಂತರ ಕುಟುಂಬಗಳನ್ನು ಹೊರದ್ವೀಪಗಳಿಗೆ ಕಳುಹಿಸಿತು. ಭೂಪಟದಲ್ಲಿ ಖಾಲಿಯಾಗಿ ಕಂಡ ಆ ನೆಲ ಖಾಲಿಯಾಗಿದ್ದುದಕ್ಕೆ ಕಾರಣವಿತ್ತು. ಅಲ್ಲಿನ ಬಹುಭಾಗದ ಮಣ್ಣು ಬಡಮಣ್ಣು. ಕಾಡು ಕಡಿದೊಡನೆ ಜಡಿಮಳೆ ಅದರ ಸಾರವನ್ನು ತೊಳೆದೊಯ್ಯುತ್ತದೆ. ಜೊತೆಗೆ ಅಲ್ಲಿ ಮೊದಲಿನಿಂದ ಇದ್ದ ಜನರೊಡನೆ ಕಲಹಗಳಾದವು. ಇತ್ತ 1930ರಲ್ಲಿ 4 ಕೋಟಿಯಷ್ಟಿದ್ದ ಜಾವಾದ ಜನ 15 ಕೋಟಿಯನ್ನು ಮೀರಿದರು. ಅಂದಿನ ಯೋಜಕರು ಜನಸಾಂದ್ರತೆಯ ಕೋಷ್ಟಕವನ್ನು ನೋಡಿದಷ್ಟು ಶ್ರದ್ಧೆಯಿಂದ ಮಣ್ಣನ್ನು ನೋಡಿರಲಿಲ್ಲವೆಂದು ತೋರುತ್ತದೆ.

ವಯಸ್ಸಿನ ಹಂಚಿಕೆ

ನೆಲದ ಮೇಲಿನ ಹಂಚಿಕೆಗಿಂತ ಇಂದು ಹೆಚ್ಚು ವಿಚಾರ ಮಾಡಬೇಕಾದದ್ದು ವಯಸ್ಸಿನ ಹಂಚಿಕೆ. ಒಂದು ತಲೆಮಾರು ತನ್ನಷ್ಟೇ ದೊಡ್ಡದಾದ ಇನ್ನೊಂದು ತಲೆಮಾರನ್ನು ಬಿಟ್ಟುಹೋಗಬೇಕಾದರೆ ತಾಯಿಯೊಬ್ಬಳಿಗೆ ಸರಾಸರಿ 2.1 ಮಕ್ಕಳಾಗಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ ಸರಾಸರಿ 2.0, ಬಿಹಾರದ್ದು 3.0, ಕರ್ನಾಟಕದ್ದು 1.7. (ಈ ಸಮೀಕ್ಷೆಯನ್ನು ನಿರ್ವಹಿಸುವ ಸಂಸ್ಥೆ ನಮ್ಮ ದೇವನಾರಿನಲ್ಲೇ ಇದೆ, 1956ರಲ್ಲಿ ಚೆಂಬೂರಿನಲ್ಲಿ ಸ್ಥಾಪಿತವಾದದ್ದು. ಗೋವಂಡಿಯ ಕಡೆ ದಿನವೂ ಓಡಾಡುವವರಲ್ಲಿ ಎಷ್ಟು ಮಂದಿ ಅದನ್ನು ಬಲ್ಲರೋ!) ದಕ್ಷಿಣ ಕೊರಿಯದಲ್ಲಿ 2023ರಲ್ಲಿ ಈ ಅಂಕಿ 0.72ಕ್ಕೆ ಕುಸಿಯಿತು. ಚೀನಾದ ಜನಸಂಖ್ಯೆ ಆರು ದಶಕಗಳಲ್ಲಿ ಮೊದಲ ಬಾರಿಗೆ 2022ರಲ್ಲಿ ಇಳಿಯಿತು. ಜಪಾನಿನಲ್ಲಿ ನೂರಕ್ಕೆ ಸುಮಾರು 29 ಜನ 65 ವರ್ಷ ದಾಟಿದವರು. ಇತ್ತ ಆಫ್ರಿಕದ ನೈಜರ್ ದೇಶದಲ್ಲಿ ಅರ್ಧದಷ್ಟು ಜನ ಹದಿನಾರು ದಾಟದವರು.

1950ರಲ್ಲಿ ಜಗತ್ತಿನ ನೂರು ಜನರಲ್ಲಿ 22 ಮಂದಿ ಯೂರೋಪಿನವರು, 9 ಮಂದಿ ಆಫ್ರಿಕದವರು ಆಗಿದ್ದರು. ಇಂದು ಯೂರೋಪಿನವರು 9, ಆಫ್ರಿಕದವರು 18. ಒಂದು ಮನುಷ್ಯನ ಆಯುಷ್ಯದೊಳಗೆ ಸ್ಥಾನಗಳು ಅದಲುಬದಲಾದವು.

ಭಾರತದ ತಾಯಂದಿರು ಎರಡಕ್ಕೇ ನಿಲ್ಲಿಸಿದ ಮೇಲೂ ಜನಸಂಖ್ಯೆ ಏಕೆ ಏರುತ್ತಿದೆಯೆಂದು ಕೇಳುವವರಿದ್ದಾರೆ. ಹೆರುವ ವಯಸ್ಸಿನವರ ಸಂಖ್ಯೆಯೇ ದೊಡ್ಡದಾಗಿರುವುದು ಇದಕ್ಕೆ ಕಾರಣ. ಓಡುವ ಗಾಡಿಗೆ ಬ್ರೇಕು ಹಾಕಿದರೂ ಅದು ಸ್ವಲ್ಪ ದೂರ ಹೋಗಿಯೇ ನಿಲ್ಲುತ್ತದೆ. 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿಗೆ ಮುಟ್ಟಿ ನಮ್ಮ ಗಾಡಿ ನಿಲ್ಲುವುದೆಂದು ಅಂದಾಜು.

ಮುಪ್ಪಿನ ಸಂಖ್ಯೆ ಬೆಳೆಯುವುದನ್ನು ಕಾಣಲು ಬ್ಯಾಂಕಿನ ಪಿಂಚಣಿ ವಿಭಾಗಕ್ಕಿಂತ ಒಳ್ಳೆಯ ಕಿಟಕಿ ಇಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಶೇಕಡಾ 20, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದವರಿಗೆ ಮತ್ತೊಂದು ಪಿಂಚಣಿಯಷ್ಟೇ ಹೆಚ್ಚುವರಿ ಸಲ್ಲುತ್ತದೆ. ನೂರರ ಕಲಮನ್ನು ಅಲಂಕಾರಕ್ಕಾಗಿ ಬರೆದಿದ್ದಾರೆಂದು ಕಿರಿಯ ಸಹೋದ್ಯೋಗಿಗಳು ನಗುವುದುಂಟು. ತೊಂಬತ್ತರ ಕಲಮಿಗೆ ಈಗ ಯಾರೂ ನಗುವುದಿಲ್ಲ. ಜೀವಿತ ಪ್ರಮಾಣಪತ್ರ ಕೊಡಲು ಸಾಮಾನ್ಯ ಪಿಂಚಣಿದಾರರು ನವೆಂಬರಿನಲ್ಲಿ ಬರಬೇಕು; 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು, ಸರದಿಯಲ್ಲಿ ನಿಲ್ಲುವ ಕಷ್ಟ ತಪ್ಪುತ್ತದೆ. ಊರಿನಲ್ಲಿ ಹಿರಿಯರಿರುವವರು ಇದನ್ನು ಗಮನಿಸಬೇಕು. 2011ರ ಗಣತಿಯಲ್ಲಿ 60 ದಾಟಿದವರು ಭಾರತದಲ್ಲಿ ಶೇಕಡಾ 8.6, ಕರ್ನಾಟಕದಲ್ಲಿ 9.5, ಕೇರಳದಲ್ಲಿ 12.6 ಇದ್ದರು. ಆಮೇಲಿನ ವರ್ಷಗಳಲ್ಲಿ ಈ ಅಂಕಿಗಳೆಲ್ಲ ಮೇಲಕ್ಕೇ ಹೋಗಿವೆ.

ಯೂರೋಪಿನ ದೇಶಗಳು ಮೊದಲು ಶ್ರೀಮಂತವಾಗಿ ಆಮೇಲೆ ಮುಪ್ಪಾದವು. ನಮ್ಮ ಜಿಲ್ಲೆಗಳು ಶ್ರೀಮಂತವಾಗುವ ಮೊದಲೇ ಮುಪ್ಪಾಗುತ್ತಿವೆ. ಅದರ ಮೇಲೆ ಅಲ್ಲಿನ ಯುವಕರು ಬೇರೆಡೆಗೆ ಹೊರಟಿದ್ದಾರೆ. ಮಕ್ಕಳು ಕಡಿಮೆ, ಆ ಕಡಿಮೆಯವರೂ ದೂರ. ಹಿರಿಯರ ಆರೋಗ್ಯವೆಂದರೆ ಇನ್ನು ಮುಂದೆ ಔಷಧದ ಪ್ರಶ್ನೆಯಷ್ಟೇ ಅಲ್ಲ, ರಾತ್ರಿ ಎದೆ ನೋವು ಬಂದಾಗ ಬಾಗಿಲು ತೆರೆಯುವವರು ಯಾರೆಂಬ ಪ್ರಶ್ನೆ.

ಉಳಿದ ಎರಡು ಬಾಬುಗಳು

ಇಲ್ಲಿ ವಲಸೆಯ ಬಾಬುಗಳಿಗೆ ಬರುತ್ತೇವೆ. ಹುಟ್ಟಿದ ದೇಶವನ್ನು ಬಿಟ್ಟು ಬೇರೆ ದೇಶದಲ್ಲಿ ನೆಲೆಸಿರುವವರು 2024ರ ಅಂದಾಜಿನಂತೆ ಸುಮಾರು 30 ಕೋಟಿ, ಜಗತ್ತಿನ ಜನರಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ದೇಶದೊಳಗಿನ ವಲಸೆಯೇ ಬಲು ದೊಡ್ಡದು. 2011ರ ಗಣತಿಯಲ್ಲಿ ಭಾರತದ ಸುಮಾರು 45 ಕೋಟಿ ಜನರು ತಾವು ಹಿಂದೆ ವಾಸವಿದ್ದ ಊರನ್ನು ಬಿಟ್ಟು ಬಂದವರೆಂದು ದಾಖಲಾದರು. ಅವರಲ್ಲಿ ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳೇ ಬಹುಸಂಖ್ಯಾತರೆಂಬುದನ್ನು ಮರೆಯಬಾರದು.

ದುಡಿಮೆಗಾಗಿ ನಡೆದ ವಲಸೆಯ ಗುರುತನ್ನು ಗಂಡು-ಹೆಣ್ಣುಗಳ ಅನುಪಾತದಲ್ಲಿ ಸ್ಪಷ್ಟವಾಗಿ ಕಾಣಬಹುದು. ಕೊಲ್ಲಿಯ ಕತಾರ್ ದೇಶದಲ್ಲಿ ಒಬ್ಬ ಹೆಂಗಸಿಗೆ ಸುಮಾರು ಮೂವರು ಗಂಡಸರಿದ್ದಾರೆ. ಹೊರಗಿನಿಂದ ಬಂದ ಕೂಲಿಕಾರರಿಂದ ಹೀಗಾಯಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2011ರಲ್ಲಿ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರು. ಮುಂಬಯಿ ನಗರ ಜಿಲ್ಲೆಯಲ್ಲಿ 1,000 ಗಂಡಸರಿಗೆ 832 ಹೆಂಗಸರು. ಹಡಗಿನ ಕಾಲದಿಂದ ಇಲ್ಲಿಗೆ ಬಂದು ಹೋಟೆಲುಗಳಲ್ಲಿ, ಗಿರಣಿಗಳಲ್ಲಿ, ಬ್ಯಾಂಕುಗಳಲ್ಲಿ ದುಡಿದ ಕರಾವಳಿಯ ಗಂಡಸರು ಒಂದು ಖಾತೆಯಲ್ಲಿ ಖರ್ಚಾಗಿ ಇನ್ನೊಂದರಲ್ಲಿ ಜಮೆಯಾಗಿದ್ದಾರೆ. ಉಡುಪಿಯ ಅಂಕಿಯನ್ನು ಕಂಡು ಅಲ್ಲಿ ಹೆಣ್ಣುಮಕ್ಕಳು ಹೆಚ್ಚು ಹುಟ್ಟುತ್ತಾರೆಂದು ಸಂತೋಷಪಡುವವರು ಎರಡು ಪುಟಗಳನ್ನೂ ಕೂಡಿ ನೋಡಬೇಕು.

ನಮ್ಮ ಭಾಷಿಕರ ಹಂಚಿಕೆಯೂ ಜನಗಣತಿಯಿಂದಲೇ ತಿಳಿಯಬೇಕು. 2011ರಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ದೇಶದಲ್ಲಿ 4.37 ಕೋಟಿ. ಅವರಲ್ಲಿ ಸುಮಾರು 30 ಲಕ್ಷ ಜನ ಕರ್ನಾಟಕದ ಹೊರಗಿನವರು. ಮಹಾರಾಷ್ಟ್ರದಲ್ಲೇ ಸುಮಾರು 10 ಲಕ್ಷ. ಇಲ್ಲಿನ ಕನ್ನಡ ಶಾಲೆಗಳ ಬಗ್ಗೆ, ಪಠ್ಯಪುಸ್ತಕಗಳ ಬಗ್ಗೆ ಸರ್ಕಾರದ ಮುಂದೆ ಬೇಡಿಕೆಯಿಡುವಾಗ ಮೊದಲು ಕೇಳುವುದು ಈ ಅಂಕಿಯನ್ನೇ.

ಬರಬೇಕಾಗಿದ್ದ 2021ರ ಗಣತಿ ಕೋವಿಡ್ ಕಾರಣದಿಂದ ಮುಂದೆ ಹೋಯಿತು. 2025ರ ಜೂನ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ 2027ರ ಮಾರ್ಚ್ 1 ಮುಂದಿನ ಗಣತಿಯ ಆಧಾರ ದಿನಾಂಕ. ಹಿಮಪಾತದ ಪ್ರದೇಶಗಳಿಗೆ ಮಾತ್ರ 2026ರ ಅಕ್ಟೋಬರ್ 1. ಮನೆಯವರು ತಾವೇ ವಿವರ ತುಂಬುವ ಅನುಕೂಲವನ್ನೂ ಈ ಬಾರಿ ಕಲ್ಪಿಸಲಾಗಿದೆ. ಮಹಾನಗರಗಳಲ್ಲಿ ಗಣತಿದಾರನು ಬಂದಾಗ ಮನೆಯಲ್ಲಿ ಯಾರೂ ಇಲ್ಲದಿರುವುದು, ಅವಸರದಲ್ಲಿ ಹಿಂದಿ ಅಥವಾ ಮರಾಠಿ ಎಂದು ಬರೆಸಿ ಕಳುಹಿಸುವುದು ಸಾಮಾನ್ಯ. ಆದ್ದರಿಂದ ಮಾತೃಭಾಷೆಯೆಂದರೆ ಗಣತಿಯಲ್ಲಿ ಏನರ್ಥವೆಂಬುದನ್ನು ತಿಳಿದಿರುವುದು ಒಳಿತು. ಶಾಲೆಯಲ್ಲಿ ಕಲಿತ ಭಾಷೆಯಾಗಲಿ ನೆರೆಹೊರೆಯಲ್ಲಿ ಆಡುವ ಭಾಷೆಯಾಗಲಿ ಅದಲ್ಲ. ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಭಾಷೆಯೇ ಮಾತೃಭಾಷೆ; ತಾಯಿ ಶೈಶವದಲ್ಲೇ ತೀರಿಕೊಂಡಿದ್ದರೆ, ಆಗ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಮನೆಯ ಪ್ರತಿಯೊಬ್ಬರಿಗೂ ಇದನ್ನು ಬೇರೆ ಬೇರೆಯಾಗಿ ಬರೆಯಬೇಕು; ಯಜಮಾನನ ಭಾಷೆಯೇ ಎಲ್ಲರದೂ ಆಗಬೇಕೆಂಬ ನಿಯಮವಿಲ್ಲ. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಓದಿ, ಮರಾಠಿಯನ್ನು ಸೊಗಸಾಗಿ ಆಡುವ ಹುಡುಗನಿಗೂ ತಾಯಿ ತೊಟ್ಟಿಲಲ್ಲಿ ಕನ್ನಡ ಆಡಿದ್ದರೆ ಆ ಕಲಮಿನಲ್ಲಿ ಕನ್ನಡವೇ ಬರಬೇಕು. ಅವನು ಬಲ್ಲ ಇತರ ಭಾಷೆಗಳನ್ನು ಬರೆಯಲು 2011ರ ಪತ್ರಕದಲ್ಲಿ ಅದರ ಮುಂದೆಯೇ ಬೇರೆ ಕಲಮಿತ್ತು. ಅಲ್ಲಿ ಎರಡು ಭಾಷೆಗಳಿಗೆ ಜಾಗವಿತ್ತು.